ನೋಡಲೇಬೇಕಾದ ಏಳನೆಯದು

ಮೈಸೂರು ನೋಡಲು ಬರುವವರ ಫೋನಿನಲ್ಲಿ ಒಂದು ಪಟ್ಟಿ ಇರುತ್ತದೆ. ಯಾರು ಬರೆದರೋ, ಯಾವಾಗ ಬರೆದರೋ, ನಾಗಪುರದವರ ಫೋನಿನಲ್ಲೂ ಅದೇ, ಕೊಚ್ಚಿಯವರ ಫೋನಿನಲ್ಲೂ ಅದೇ. ಮೊದಲು ಚಾಮುಂಡಿ ಬೆಟ್ಟ, ಇಳಿಯುವಾಗ ದೊಡ್ಡ ನಂದಿ. ಆಮೇಲೆ ಅರಮನೆ, ಮೃಗಾಲಯ, ದೊಡ್ಡ ಚರ್ಚು, ಸಂಜೆಗೆ ಕನ್ನಂಬಾಡಿಯ ಕಾರಂಜಿ. ಏಳನೆಯದು, ಕೈಮಗ್ಗದಲ್ಲಿ ರೇಷ್ಮೆ ಸೀರೆ ನೇಯುವುದನ್ನು ಕಣ್ಣಾರೆ ಕಾಣುವುದು. ಇಷ್ಟನ್ನೂ ಒಂದೇ ದಿನದಲ್ಲಿ ಮುಗಿಸಬೇಕು, ಯಾಕೆಂದರೆ ನಾಳೆ ಅವರಿಗೆ ಊಟಿ ಇದೆ. ಅರಸರು ನೂರಾರು ವರ್ಷ ಕೂತು ಕಟ್ಟಿದ್ದನ್ನು ಇವರು ಹತ್ತು ತಾಸಿನಲ್ಲಿ ನೋಡಿ ಮುಗಿಸುತ್ತಾರೆ. ನನ್ನದೇನು ಹೋಯಿತು, ತೋರಿಸುವುದು ನನ್ನ ಹೊಟ್ಟೆಪಾಡು.

ಆ ಪಟ್ಟಿಯಲ್ಲಿ ಏಳನೆಯದು ಅಂದರೆ ನಮ್ಮ ಕೊಳ್ಳೇಗಾಲದ ಶಿವನಂಜಣ್ಣ.

ನನ್ನ ಹೆಸರು ಮಾದು. ಹುಟ್ಟಿದ್ದು ಕಾಮಗೆರೆ, ಮನೆ ಇರುವುದು ಕೊಳ್ಳೇಗಾಲ, ಅನ್ನ ಹುಟ್ಟುವುದು ಮೈಸೂರು. ಕೊರಳಿಗೆ ಕಾರ್ಡು ನೇತುಹಾಕಿಕೊಂಡ ಗೈಡು ನಾನಲ್ಲ. ಅರಮನೆಯ ಗೇಟಿನಾಚೆ ಬಿಸಿಲಲ್ಲಿ ನಿಂತು, ವ್ಯಾನಿನಿಂದ ಇಳಿದವರ ಹಿಂದೆ ಬಿದ್ದು, ‘ಫುಲ್ ಮೈಸೂರು ಸಾ, ಒಂದೇ ದಿನ’ ಎಂದು ಹತ್ತಿಸಿಕೊಳ್ಳುವ ಜಾತಿ. ಹಿಂದಿ, ಇಂಗ್ಲಿಷು, ತಮಿಳು ಮೂರನ್ನೂ ಹಸಿವೇ ಕಲಿಸಿತು. ನನಗೆ ಮಾತು ಬರುತ್ತದೆ, ಅದೊಂದೇ ಬರುವುದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರಲ್ಲ, ಆ ಗಾದೆಯನ್ನು ನಾನು ಸಾವಿರ ಸಲ ಕೇಳಿದ್ದೆ. ಅರ್ಥವಾಗಿದ್ದು ಮಾತ್ರ ಒಂದು ಮಂಗಳವಾರ.

ಅರಮನೆಯಿಂದ ಸ್ವಲ್ಪ ದೂರಕ್ಕೆ ಒಂದು ಸೀರೆ ಅಂಗಡಿ. ಹೆಸರು ಬೇಡ, ಇನ್ನೂ ಅಲ್ಲಿಗೇ ಹೋಗುತ್ತೇನೆ. ಒಳಗೆ ಹೋದ ತಕ್ಷಣ ಎಡಗಡೆ ಗಾಜಿನ ಗೋಡೆಯ ಹಿಂದೆ ಒಂದು ಕೈಮಗ್ಗ, ಅದರ ಮುಂದೆ ಬಿಳಿ ಪಂಚೆ, ಬಿಳಿ ಅಂಗಿ, ಹಣೆಗೆ ವಿಭೂತಿ ಇಟ್ಟುಕೊಂಡ ಶಿವನಂಜಣ್ಣ. ವಿಭೂತಿ ಅವನ ಇಷ್ಟ, ಪಂಚೆ ಅಂಗಡಿಯವರ ಕಾನೂನು. ಬಂದವರು ಹತ್ತು ನಿಮಿಷ ಅವನನ್ನು ನೋಡಿ, ಫೋಟೋ ಹಿಡಿದು, ಮಹಡಿ ಹತ್ತಿ ಸೀರೆ ಕೊಳ್ಳುತ್ತಾರೆ. ಮಹಡಿಯಲ್ಲಿರುವ ಸೀರೆಗಳೆಲ್ಲ ಎಲ್ಲೆಲ್ಲಿಂದಲೋ ಲಾರಿಯಲ್ಲಿ ಬಂದ ಪವರ್‌ಲೂಮ್ ಮಾಲು. ಕೆಳಗೆ ಒಬ್ಬ ಮನುಷ್ಯ ಕೂತು ನೇಯುತ್ತಿದ್ದರೆ ಮೇಲಿನದೆಲ್ಲ ಅವನೇ ನೇಯ್ದದ್ದು ಅಂತ ಜನ ತಾವೇ ಅಂದುಕೊಳ್ಳುತ್ತಾರೆ. ನಾನೂ ಇಲ್ಲ ಅನ್ನುವುದಿಲ್ಲ. ಕರೆದುಕೊಂಡು ಬಂದದ್ದಕ್ಕೆ ನನಗೆ ಕಮಿಷನ್ ಉಂಟು.

ಶಿವನಂಜಣ್ಣನ ಮನೆ ಕೊಳ್ಳೇಗಾಲದಲ್ಲಿ ನಮ್ಮ ಬೀದಿಯಲ್ಲೇ. ಒಂದು ಕಾಲಕ್ಕೆ ಆ ಬೀದಿಯಲ್ಲಿ ಬೆಳಗಾಗುವುದೇ ಮಗ್ಗದ ಸದ್ದಿನಿಂದ. ಅವನ ಮನೆಯ ಹಿಂದಿನ ಕೋಣೆಯಲ್ಲಿ ಕುಣಿಮಗ್ಗ ಇತ್ತು, ನೆಲದಲ್ಲಿ ಗುಂಡಿ ತೋಡಿ ಕಾಲು ಇಳಿಬಿಟ್ಟು ಕೂತು ನೇಯುವಂಥದ್ದು. ಅವರಪ್ಪ, ಅವರ ತಾತ ಅದೇ ಗುಂಡಿಯಲ್ಲಿ ಕಾಲಿಟ್ಟು ಮುದುಕರಾದರು. ಅಣ್ಣತಮ್ಮಂದಿರು ಮನೆ ಪಾಲು ಮಾಡಿಕೊಂಡಾಗ ಮಗ್ಗದ ಕೋಣೆ ತಮ್ಮನಿಗೆ ಹೋಯಿತು. ತಮ್ಮ ಕೆಟ್ಟವನೇನಲ್ಲ. ಅವನಿಗೆ ಹೆಂಡತಿ ಮಕ್ಕಳು, ಮಲಗಲು ಜಾಗ ಬೇಕು. ಗುಂಡಿಗೆ ಮಣ್ಣು ತುಂಬಿ, ಮೇಲೆ ಟೈಲ್ಸ್ ಹಾಕಿಸಿದ. ಆ ದಿನ ಶಿವನಂಜಣ್ಣ ಊಟ ಮಾಡಲಿಲ್ಲವಂತೆ. ಮಾರನೆಯ ತಿಂಗಳಿನಿಂದ ನನ್ನ ಜೊತೆ ಬೆಳಗಿನ ಬಸ್ಸಿಗೆ ಬಂದು ಕೂರಲು ಶುರು ಮಾಡಿದ. ಆ ಅಂಗಡಿಗೆ ಸೇರಿಸಿದ್ದೂ ನಾನೇ.

ಅವನದು ಮಾತು ಕಡಿಮೆ. ಮೂಗೂರು ದಾಟುವವರೆಗೂ ಕಿಟಕಿಯಾಚೆ ನೋಡುತ್ತ ಕೂರುತ್ತಾನೆ, ನರಸೀಪುರದ ಹೊಳೆ ಬಂದಾಗ ಕೈ ಮುಗಿಯುತ್ತಾನೆ, ಅಷ್ಟೆ. ಅಂಗಡಿಯಲ್ಲಂತೂ ಅವನಿಗೆ ಮಾತಿನ ಕೆಲಸವೇ ಇಲ್ಲ. ಆದರೆ ಇನ್ನೊಂದು ಕೆಲಸವಿತ್ತು. ಬಂದವರಿಗೆ ಮಗ್ಗ ನೋಡಿದರೆ ಸಾಲದು, ಮುಟ್ಟಬೇಕು. ಹೆಂಗಸರು ಅವನ ಪಕ್ಕ ಕೂತು ಲಾಳಿ ಹೊಡೆಯುತ್ತಾರೆ, ಗಂಡಂದಿರು ವಿಡಿಯೋ ಮಾಡುತ್ತಾರೆ. ಒಬ್ಬಳು ಎಳೆ ಬಿಗಿ ಮಾಡುತ್ತಾಳೆ, ಇನ್ನೊಬ್ಬಳು ಸಡಿಲ ಬಿಡುತ್ತಾಳೆ. ಅವರು ಹೋದ ಮೇಲೆ ಅವನು ಅವರು ಹೊಡೆದ ಎಳೆಗಳನ್ನೆಲ್ಲ ಒಂದೊಂದಾಗಿ ಬಿಚ್ಚುತ್ತಾನೆ. ಬೆಳಗ್ಗೆ ನೇಯ್ದದ್ದರಲ್ಲಿ ಸಂಜೆಗೆ ಅರ್ಧ ಬಿಚ್ಚಿರುತ್ತಾನೆ. ಹಾಗೇ ಬಿಡಣ್ಣ, ಯಾರು ನೋಡುತ್ತಾರೆ ಅಂತ ನಾನು ಒಂದೆರಡು ಸಲ ಅಂದೆ. ತಪ್ಪು ಎಳೆಯನ್ನು ಕಣ್ಣಿಗೆ ಕಂಡೂ ಬಿಟ್ಟರೆ ಕೈ ಕೆಡುತ್ತದೆ ಅಂದ. ಎಂಟು ವರ್ಷ ಹೀಗೇ ನಡೆಯಿತು.

ಎಂಟನೆಯ ವರ್ಷ ಅವನ ಮಗಳು ರಾಣಿಗೆ ಗಂಡು ಗೊತ್ತಾಯಿತು. ಹುಡುಗ ಯಳಂದೂರಿನವನು, ಶಿವರಾಜು ಅಂತ, ಕರೆಂಟಿನ ಆಫೀಸಿನಲ್ಲಿ ಲೈನ್‌ಮ್ಯಾನ್. ಒಬ್ಬಳೇ ಮಗಳು, ಡಿಗ್ರಿ ಓದಿದವಳು, ಅಪ್ಪನ ಪ್ರಾಣ. ಆ ವಾರವೇ ಬಸ್ಸಿನಲ್ಲಿ ಶಿವನಂಜಣ್ಣ ತಾನಾಗಿ ಮಾತು ತೆಗೆದ. ಅವರ ಮನೆಯಲ್ಲೊಂದು ಪದ್ಧತಿ. ಮಗ್ಗದ ಮನೆಯ ಹೆಣ್ಣು ಧಾರೆಗೆ ಕೂರುವಾಗ ಅಪ್ಪನ ಕೈಯಿಂದ ನೇಯ್ದ ಸೀರೆಯನ್ನೇ ಉಡಬೇಕು. ಅಂಗಡಿಯಿಂದ ತಂದದ್ದಾಗಲಿ, ಬೇರೆಯವರು ನೇಯ್ದದ್ದಾಗಲಿ ನಡೆಯುವುದಿಲ್ಲ. ಅವನ ಅಕ್ಕ ಹಾಗೆ ಹೋದಳು, ಅತ್ತೆಯಂದಿರು ಹಾಗೆ ಹೋದರು. ಅಪ್ಪನಾದವನು ಮಗಳಿಗೆ ಬೇರೇನು ಕೊಟ್ಟ, ಏನು ಬಿಟ್ಟ ಅಂತ ಯಾರೂ ಕೇಳುತ್ತಿರಲಿಲ್ಲ, ಸೀರೆ ಮಾತ್ರ ಕೇಳುತ್ತಿದ್ದರು. ಮನೆಯ ಮಗ್ಗ ಮುಚ್ಚುವಾಗಲೇ ಅವನು ಒಂದು ಸೀರೆಗೆ ಆಗುವಷ್ಟು ಅರಿಶಿನ ಬಣ್ಣದ ರೇಷ್ಮೆ, ಅಂಚಿಗೆ ಕುಂಕುಮ ಬಣ್ಣದ್ದು, ಮೇಲೆ ಜರಿ, ಎಲ್ಲವನ್ನೂ ಟ್ರಂಕಿನಲ್ಲಿ ಎತ್ತಿಟ್ಟಿದ್ದ. ರೇಷ್ಮೆ ಇತ್ತು, ಕೈ ಇತ್ತು. ಮಗ್ಗ ಇರಲಿಲ್ಲ.

ಮ್ಯಾನೇಜರನ್ನು ಕೇಳೋಣ ಅಂದೆ. ಕೇಳಿದೆವು. ಮ್ಯಾನೇಜರ್ ಒಳ್ಳೆಯ ಮೂಡಿನಲ್ಲಿದ್ದ. ನೇಯ್ಕೊಳ್ಳಪ್ಪ, ಬಂದವರ ಕಣ್ಣಿಗೆ ಮಗ್ಗ ಆಡುತ್ತಿದ್ದರೆ ಸಾಕು, ಅದು ಯಾರ ರೇಷ್ಮೆಯಾದರೆ ನಮಗೇನು ಅಂದ. ಅಂಗಡಿಯವರು ಮಗ್ಗ ಕೊಟ್ಟರು, ಇವನು ರೇಷ್ಮೆ ತಂದ. ಕಾಗದ ಪತ್ರ ಏನೂ ಆಗಲಿಲ್ಲ. ಬಡವರು ಬಾಯಿಮಾತು ಸಾಕು ಅಂದುಕೊಳ್ಳುತ್ತಾರೆ, ಅದು ನಮ್ಮ ದಡ್ಡತನ.

ಆ ಸೀರೆ ನೇಯ್ದ ಮೂರು ತಿಂಗಳು ಶಿವನಂಜಣ್ಣ ಬೇರೆಯೇ ಮನುಷ್ಯನಾಗಿದ್ದ. ಅವನ ಹೆಂಡತಿ ಲಕ್ಷ್ಮಿದೇವಿ ಸಂಜೆ ಹೊತ್ತು ಮನೆಯಲ್ಲಿ ರಾಟೆ ತಿರುಗಿಸಿ, ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ನೂಲು ಸುತ್ತಿ ಕೊಡುತ್ತಿದ್ದಳು. ಬೆಳಗ್ಗೆ ಬಸ್ಸಿನಲ್ಲಿ ಅವನ ತೊಡೆಯ ಮೇಲೆ ಎರಡು ಡಬ್ಬಿ, ಒಂದು ಊಟದ್ದು, ಒಂದು ಕಂಡಿಕೆಯದು. ಈ ಸೀರೆಯನ್ನು ಮಾತ್ರ ಯಾರೂ ಮುಟ್ಟಕೂಡದು ಅಂತ ನನಗೆ ಅಪ್ಪಣೆ ಮಾಡಿದ. ನಾನು ಬಂದವರಿಗೆಲ್ಲ, ಇದು ಮಡಿಯ ಸೀರೆ, ದೇವರಿಗೆ, ಮುಟ್ಟಬಾರದು ಎಂದು ಹೇಳಿ ತಡೆಯುತ್ತಿದ್ದೆ. ಮಗಳ ಸೀರೆ ಅಂತ ಮಾತ್ರ ಹೇಳುತ್ತಿರಲಿಲ್ಲ. ಹೇಳಿದರೆ ನೂರು ಜನರ ಕಣ್ಣು ಬೀಳುತ್ತದೆ ಅಂತ ಅವನಿಗೆ ಅಳುಕು. ಎಂಟು ವರ್ಷದಲ್ಲಿ ಮೊದಲ ಸಲ ಅವನು ಬಿಚ್ಚುವ ಕೆಲಸವಿಲ್ಲದೆ ನೇಯ್ದ. ಒಂದು ದಿನ ಗಾಜಿನ ಈಚೆ ನಿಂತು ನೋಡಿದೆ. ನೇಯುತ್ತ ನೇಯುತ್ತ ತನ್ನಷ್ಟಕ್ಕೆ ಏನೋ ಗುನುಗುತ್ತಿದ್ದ. ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಒಂದು ಸೋಮವಾರ ಸಂಜೆ ಸೀರೆ ಮುಗಿಯಿತು. ಮದುವೆಗೆ ಹನ್ನೊಂದು ದಿನ ಉಳಿದಿತ್ತು. ಅಂಗಡಿ ಬಾಗಿಲು ಹಾಕುವ ಹೊತ್ತಿಗೆ ಸೆರಗಿನ ಕೊನೆಯ ಎಳೆ ಹೊಡೆದ. ನಾನು ಪಕ್ಕದಲ್ಲೇ ಇದ್ದೆ. ಕೊಯ್ದುಕೊಂಡು ಬಾರಣ್ಣ, ಇವತ್ತೇ ಮನೆಗೆ ತಕೊಂಡು ಹೋಗೋಣ ಅಂದೆ. ಅವನು ತಲೆ ಅಲ್ಲಾಡಿಸಿದ. ಧಾರೆ ಸೀರೆಯನ್ನು ಹಾಗೆ ಸಂಜೆ ಮುಂದೆ ಕತ್ತರಿ ಹಾಕಿ ಕಂಕುಳಲ್ಲಿ ಇಟ್ಟುಕೊಂಡು ಹೋಗುವಂತಿಲ್ಲ. ಬೆಳಗ್ಗೆ ಸ್ನಾನ ಮಾಡಿ, ಮಗ್ಗಕ್ಕೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಹೆಣ್ಣಿನ ತಾಯಿ ತನ್ನ ಕೈಯಾರೆ ಕೊಯ್ಯಬೇಕು. ಮಾರನೆಯ ದಿನ ಮಂಗಳವಾರ ಅಮಾವಾಸ್ಯೆ. ಅಮಾವಾಸ್ಯೆಯ ದಿನ ನೇಕಾರರು ಮಗ್ಗ ಮುಟ್ಟುವುದಿಲ್ಲ, ಅವನಿಗೆ ತಿಂಗಳಲ್ಲಿ ಅದೊಂದೇ ರಜೆ. ಆದ್ದರಿಂದ ಬುಧವಾರ.

“ಒಂದಿನ ತಾನೆ ಕಣ್ಲಾ ಮಾದು. ಎಲ್ಗೋಯ್ತದೆ ಅದು” ಅಂದ.

ಸೀರೆಯ ಮೇಲೆ ಒಂದು ಬಿಳಿ ಪಂಚೆ ಹೊದಿಸಿ, ಮೂಲೆಗಳನ್ನು ಮಗುವಿಗೆ ಹೊದಿಸಿದಂತೆ ಸಿಕ್ಕಿಸಿ, ಮಗ್ಗಕ್ಕೆ ಕೈ ಮುಗಿದು ಬಂದ.

ಮಂಗಳವಾರ ನನಗೆ ನಾಗಪುರದ ಒಂದು ಸಂಸಾರ ಸಿಕ್ಕಿತು. ಗಂಡ ಹೆಂಡತಿ, ಅವರ ಕಡೆಯ ಇನ್ನಿಬ್ಬರು. ಆ ಹೆಂಗಸು ಟೀಚರ್ ಆಗಿ ರಿಟೈರ್ ಆದವರು, ಮೃದು ಮಾತಿನವರು, ನನ್ನನ್ನು ‘ಭಯ್ಯಾ’ ಅಂತ ಕರೆದು ತಮ್ಮ ತಿಂಡಿಯಲ್ಲೇ ಪಾಲು ಕೊಟ್ಟರು. ಅವರನ್ನು ಬೈಯಲು ನನಗೆ ಬಾಯಿಲ್ಲ. ಬೆಟ್ಟ ಆಯಿತು, ನಂದಿ ಆಯಿತು, ಅರಮನೆ ಆಯಿತು. ಮಂಗಳವಾರ ಮೃಗಾಲಯಕ್ಕೆ ರಜೆ. ಎರಡು ಗಂಟೆ ಹೊತ್ತು ಕೈಯಲ್ಲಿ ಉಳಿಯಿತು. ಎಲ್ಲಿಗೆ ಕರೆದೊಯ್ಯಲಿ? ನೆರಳಿದೆ, ಎಸಿ ಇದೆ, ಕಮಿಷನ್ ಇದೆ. ಸೀರೆ ಅಂಗಡಿಗೆ ಕರೆದೊಯ್ದೆ.

ಮಗ್ಗದ ಮುಂದೆ ಯಾರೂ ಇರಲಿಲ್ಲ. ನೇಕಾರ ಎಲ್ಲಿ ಅಂತ ಆಕೆ ಕೇಳಿದರು. ಅಮಾವಾಸ್ಯೆಯ ವಿಷಯ ಹೇಳಿದೆ, ಆಕೆಗೆ ಬಹಳ ಹಿಡಿಸಿತು. ಅವರಿಗೆ ಹಿಡಿಸಿದ್ದು ನೋಡಿ ನಾನು ಉಬ್ಬಿಹೋದೆ. ತೋರಿಸಲು ಮನುಷ್ಯ ಇಲ್ಲದಿದ್ದರೆ ಗೈಡಿನ ಬಾಯಿ ಸುಮ್ಮನಿರುತ್ತದೆಯೇ? ಮೂರು ತಿಂಗಳು ಕಾಪಾಡಿದ ಮಾತನ್ನು ಆಗ ಬಿಟ್ಟೆ. ಮಗಳ ಮದುವೆ, ಟ್ರಂಕಿನ ರೇಷ್ಮೆ, ಮುಚ್ಚಿದ ಗುಂಡಿ, ನಾಳೆ ಬೆಳಗ್ಗೆ ತಾಯಿ ಬಂದು ಕೊಯ್ಯುವುದು, ಒಂದೂ ಬಿಡದೆ, ಕಣ್ಣಿಗೆ ಕಟ್ಟುವಂತೆ ಹೇಳಿದೆ. ಹೇಳಿ ಮುಗಿಸಿ ಆ ಬಿಳಿ ಪಂಚೆಯ ಮೂಲೆ ಎತ್ತಿ ಸೀರೆ ತೋರಿಸಿದ್ದೂ ಈ ಕೈಯೇ. ಬೇರೆ ಯಾರ ಮೇಲೂ ಹಾಕಲು ನನಗೆ ದಾರಿ ಇಲ್ಲ.

ಆಕೆ ಅತ್ತುಬಿಟ್ಟರು. ಅವರ ಮಗಳಿಗೂ ಮದುವೆ ಗೊತ್ತಾಗಿತ್ತಂತೆ, ಅಪ್ಪನ ಕೈಯಿಂದ ಬಂದ ಇಂಥದ್ದು ತಮಗೆ ಇನ್ನೆಲ್ಲಿ ಸಿಗುತ್ತದೆ ಅಂದರು. ಮಹಡಿಯ ಸೀರೆಗಳನ್ನು ತಂದು ಹಾಸಿದರೆ ಕಣ್ಣೆತ್ತಿ ನೋಡಲಿಲ್ಲ, ಅದೇ ಬೇಕು ಅಂದರು. ಗಂಡ ಮ್ಯಾನೇಜರನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಮಾತಾಡಿದರು. ಏನು ಮಾತಾಡಿದರೋ, ಮ್ಯಾನೇಜರ್ ಮುಖ ಅರಳಿಸಿಕೊಂಡು ಬಂದ. ಅದು ಶಿವನಂಜಣ್ಣನ ಮಗಳದು ಸಾ, ಅವರದೇ ರೇಷ್ಮೆ ಸಾ ಎಂದೆ. ನನಗೆ ಗೊತ್ತಿಲ್ವಾ, ಅವನಿಗೆ ಇದರ ಅಪ್ಪನಂಥ ಸೀರೆ ಕೊಡುತ್ತೇನೆ, ಮಗ್ಗ ಯಾರದು ಮೊದಲು ಹೇಳು ಅಂದ. ಸೇಲ್ಸಿನ ಹುಡುಗಿಯೊಬ್ಬಳು ಕತ್ತರಿ ತಂದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಅಮಾವಾಸ್ಯೆಯ ಮಧ್ಯಾಹ್ನ, ಚಪ್ಪಲಿ ಕಾಲಲ್ಲಿ ನಿಂತು, ಆ ಸೀರೆಯನ್ನು ಕೊಯ್ದರು. ನಾನು ಜೇಬಿನಿಂದ ಫೋನು ತೆಗೆದೆ, ಶಿವನಂಜಣ್ಣನ ನಂಬರಿನ ತನಕ ಹೋದೆ, ಮತ್ತೆ ಜೇಬಿಗೆ ಹಾಕಿಕೊಂಡೆ. ಆಮೇಲೆ ಆ ಸಂಸಾರವನ್ನು ಕನ್ನಂಬಾಡಿಗೆ ಕರೆದುಕೊಂಡು ಹೋಗಿ ಕಾರಂಜಿ ತೋರಿಸಿದೆ.

ಬುಧವಾರ ಬೆಳಗ್ಗೆ ಬಸ್ಸಿಗೆ ಹೋಗದೆ ಮಲಗಿಬಿಡೋಣ ಅನ್ನಿಸಿತ್ತು. ಹೋದೆ. ಸೀಟಿನಲ್ಲಿ ಗಂಡ ಹೆಂಡತಿ ಇಬ್ಬರೂ ಕೂತಿದ್ದರು, ನನಗೂ ಜಾಗ ಹಿಡಿದಿಟ್ಟಿದ್ದರು. ಲಕ್ಷ್ಮಿದೇವಿ ತಲೆಗೆ ನೀರು ಹಾಕಿಕೊಂಡು ಮಲ್ಲಿಗೆ ಮುಡಿದಿದ್ದಳು. ಕಾಲ ಬಳಿ ಬಟ್ಟೆಯ ಚೀಲ, ಅದರಲ್ಲಿ ಕಾಯಿ, ಬಾಳೆಹಣ್ಣು, ಕರ್ಪೂರ, ಹೊಸ ಕತ್ತರಿ. ಕೊಳ್ಳೇಗಾಲ ಬಿಟ್ಟಲ್ಲಿಂದ ಆಕೆಯ ಮಾತು ನಿಲ್ಲಲಿಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಮೈಸೂರು ಸರಿಯಾಗಿ ನೋಡಿಲ್ಲ, ಇವತ್ತು ಸೀರೆ ಕೊಯ್ದಾದ ಮೇಲೆ ಅರಮನೆ ತೋರಿಸಬೇಕು ಮಾದಣ್ಣ, ನಿಮ್ಮ ಇಂಗ್ಲಿಷು ಬ್ಯಾಡ ನಮಗೆ, ಕನ್ನಡದಲ್ಲೇ ಯೋಳಿ ಅಂತ ನಕ್ಕಳು. ಆಗಲಿ ಅತ್ತಿಗೆ ಅಂದೆ. ಮೂಗೂರು ಬಂತು, ನರಸೀಪುರ ಬಂತು, ಬಸ್ಸು ಟೀಗೆ ನಿಂತಿತು. ಈಗ ಹೇಳುತ್ತೇನೆ, ಇಳಿದ ಮೇಲೆ ಹೇಳುತ್ತೇನೆ ಅಂತ ಅಂದುಕೊಳ್ಳುತ್ತಲೇ ಟೀ ಕುಡಿದೆ. ಶಿವನಂಜಣ್ಣ ನನ್ನ ಮುಖ ನೋಡಿ, ಯಾಕೆ ಮಂಕಾಗಿದ್ದೀಯ, ಜ್ವರವಾ ಅಂತ ಹಣೆ ಮುಟ್ಟಿ ನೋಡಿದ. ದಿನಾ ಬಾಯಿ ಬಡಿದುಕೊಂಡು ಬದುಕುವವನಿಗೆ ಆ ಎರಡು ತಾಸಿನಲ್ಲಿ ಆ ಒಂದು ಮಾತು ಹೊರಡಲಿಲ್ಲ.

ಅಂಗಡಿಯೊಳಗೆ ಅವನೇ ಮುಂದೆ ಹೋದ. ಬಿಳಿ ಪಂಚೆಯನ್ನು ಮಡಿಸಿ ಪಕ್ಕದಲ್ಲಿಟ್ಟಿದ್ದರು. ಮಗ್ಗದಲ್ಲಿ ಉದ್ದಕ್ಕೆ ಬಿಗಿದಿದ್ದ ಹಾಸಿನ ಎಳೆಗಳು, ಅರಿಶಿನದ್ದು, ಕೊಯ್ದಲ್ಲಿಂದ ಗೇಣುದ್ದ ಜೋತುಬಿದ್ದಿದ್ದವು. ಅವನು ಅವುಗಳನ್ನು ಕೈಯಲ್ಲಿ ಹಿಡಿದು ನಿಂತ. ಕಳ್ಳತನವಾಗಿದೆ ಅಂದುಕೊಂಡನೋ ಏನೋ, ಸುತ್ತ ನೋಡಿದ. ಮ್ಯಾನೇಜರ್ ಕೈಯಲ್ಲಿ ಒಂದು ಡಬ್ಬ ಹಿಡಿದುಕೊಂಡು ನಗುತ್ತಲೇ ಬಂದ. ಬಣ್ಣ ಅದೇ, ಅಂಚು ಅದೇ, ಜರಿ ಇನ್ನೂ ಜಾಸ್ತಿ, ನಿಂಗೇ ಲಾಭ ಅಂದ. ಆಮೇಲೆ ನನ್ನ ಕಡೆ ಕೈ ತೋರಿಸಿ, ಎಲ್ಲ ಮಾದುವಿನ ಮಾತಿನ ಮಹಿಮೆ, ಆ ಅಮ್ಮ ಕರಗೇ ಹೋದರು ಅಂದ.

ಶಿವನಂಜಣ್ಣ ನನ್ನ ಕಡೆ ತಿರುಗಿದ. ಬೈಯುತ್ತಾನೆ, ಕಪಾಳಕ್ಕೆ ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

“ಬಸ್ಸಲ್ಲಿ ಯಾಕ್ಲಾ ಯೋಳ್ನಿಲ್ಲ?” ಅಂದ. “ಅವ್ಳು ಕಾಯಿ ತಕಂಡು ಕೂತಿದ್ಲಲ್ಲೋ.”

ಸೀರೆ ಕೊಂಡ ನಾಗಪುರದ ಹೆಂಗಸನ್ನು ಹುಡುಕಬಹುದಾ ಅಂತ ಒಂದು ಮಾತು ಬಂತು. ಫೋನು ಮಾಡಿದೆ. ಅವರು ಊಟಿಯ ಘಾಟಿಯಲ್ಲಿದ್ದರೋ ಏನೋ, ಹತ್ತಲಿಲ್ಲ. ಸಂಜೆ ಹತ್ತಿದಾಗ ಅವರ ಗಂಡ, ಮಾರಿದ್ದು ಅಂಗಡಿಯವರು, ಕೊಂಡದ್ದು ನಾವು, ನಮಗೆ ಯಾಕೆ ತೊಂದರೆ ಅಂತ ಇಟ್ಟುಬಿಟ್ಟರು. ಟ್ರಂಕಿನಲ್ಲಿ ರೇಷ್ಮೆ ಉಳಿದಿರಲಿಲ್ಲ. ಉಳಿದಿದ್ದರೂ ಒಂಬತ್ತು ದಿನದಲ್ಲಿ ಇನ್ನೊಂದು ಸೀರೆ ನೇಯುವುದು ಯಾರ ಕೈಯಲ್ಲೂ ಆಗುವ ಕೆಲಸವಲ್ಲ. ಜಗಳವಾಡಿದರೆ ಕೆಲಸ ಹೋಗುತ್ತದೆ, ಮದುವೆ ಮುಂದಿದೆ. ಶಿವನಂಜಣ್ಣ ಆ ಲೆಕ್ಕವನ್ನೆಲ್ಲ ನಿಂತಲ್ಲೇ ಹಾಕಿದನೆಂದು ಕಾಣುತ್ತದೆ, ಮ್ಯಾನೇಜರ್ ಕೈಯಿಂದ ಆ ಸೀರೆಯ ಡಬ್ಬ ತೆಗೆದುಕೊಂಡ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

ಲಕ್ಷ್ಮಿದೇವಿ ಬಹಳ ಹೊತ್ತು ನೆಲದ ಮೇಲೆ ಕೂತಿದ್ದಳು. ಆಮೇಲೆ ಎದ್ದು ಚೀಲದಿಂದ ಕಾಯಿ ತೆಗೆದಳು. ಪೂಜೆಗೆಂದು ತಂದ ಕಾಯನ್ನು ತಿರುಗಿ ಮನೆಗೆ ಒಯ್ಯುವಂತಿಲ್ಲ. ಖಾಲಿ ಮಗ್ಗಕ್ಕೆ ಅರಿಶಿನ ಕುಂಕುಮ ಇಟ್ಟು, ಕರ್ಪೂರ ಹಚ್ಚಿ, ಕಾಯಿ ಒಡೆದಳು. ಗಾಜಿನ ಆಚೆ ಯಾರೋ ಬಂದವರು ಇದೂ ಅಂಗಡಿಯ ಏರ್ಪಾಟು ಅಂದುಕೊಂಡು ಫೋಟೋ ಹೊಡೆದರು. ಅರಮನೆ ನೋಡುವ ಮಾತು ಆಕೆ ಎತ್ತಲಿಲ್ಲ. ಮಧ್ಯಾಹ್ನದ ಬಸ್ಸು ಹತ್ತಿಸಲು ಹೋದಾಗ ಗಂಡನಿಗೆ ಹೇಳಿದ್ದು ಒಂದೇ ಮಾತು.

“ರಾಣಿಗೆ ಯೋಳ್ಬ್ಯಾಡಿ ಕಣ್ರಿ. ನೀವೇ ನೇಯ್ದದ್ದು ಅಂತ ಉಟ್ಕೊಳ್ಳಲಿ. ಅವ್ಳಾದ್ರೂ ನಗ್ತಾ ಓಗ್ಲಿ.”

ಮದುವೆ ಯಳಂದೂರಿನ ಒಂದು ಛತ್ರದಲ್ಲಿ ನಡೆಯಿತು. ನಾನೂ ಹೋಗಿದ್ದೆ, ಹೋಗದಿದ್ದರೆ ಬೀದಿಯಲ್ಲಿ ಮುಖ ತೋರಿಸುವಂತಿರಲಿಲ್ಲ. ರಾಣಿ ಅರಿಶಿನದ ಸೀರೆ ಉಟ್ಟು ಧಾರೆಗೆ ಕೂತಳು. ಚೆನ್ನಾಗಿ ಕಾಣುತ್ತಿದ್ದಳು, ಪವರ್‌ಲೂಮ್ ಆದರೇನು, ಸೀರೆ ಚೆನ್ನಾಗಿಯೇ ಇತ್ತು. ಗಂಡಿನ ಕಡೆಯ ಹೆಂಗಸರು ಸೆರಗು ಹಿಡಿದು ಹಿಡಿದು ನೋಡಿದರು. ನಮ್ಮಪ್ಪ ನೇಯ್ದದ್ದು, ಮೂರು ತಿಂಗಳು ನೇಯ್ದರು ಅಂತ ಅವಳು ಒಬ್ಬೊಬ್ಬರಿಗೂ ಹೇಳಿದಳು. ಹೇಳಿದಾಗಲೆಲ್ಲ ಶಿವನಂಜಣ್ಣ ಏನೋ ಕೆಲಸವಿರುವವನಂತೆ ಅಡುಗೆಯ ಕಡೆ ಹೋಗುತ್ತಿದ್ದ. ನಮ್ಮ ಬೀದಿಯ ಪುಟ್ಟಸಿದ್ದಯ್ಯನವರು ಎಪ್ಪತ್ತೈದು ದಾಟಿದ ಹಳೆಯ ನೇಕಾರರು, ಅವರು ಅಕ್ಷತೆ ಹಾಕಲು ಹೋದವರು ಸೆರಗಿನ ತುದಿಯನ್ನು ಎರಡು ಬೆರಳಲ್ಲಿ ಉಜ್ಜಿದರು. ಈ ಸಲ ಶಿವನಂಜಣ್ಣ ಅಡುಗೆಯ ಕಡೆ ಹೋಗಲಿಲ್ಲ, ಅಲ್ಲೇ ನಿಂತ. ಮುದುಕರು ಅವನ ಮುಖವನ್ನೊಮ್ಮೆ ನೋಡಿ, ಕೈ ಚೆನ್ನಾಗಿ ಕೂತಿದೆ ಶಿವನಂಜ ಅಂದು ಇಳಿದು ಬಂದರು. ಊಟಕ್ಕೆ ಮಾತ್ರ ನಿಲ್ಲಲಿಲ್ಲ.

ಇತ್ತ ಮ್ಯಾನೇಜರನಿಗೆ ಒಂದು ವಿಷಯ ಹೊಳೆದಿತ್ತು. ಎಂಟು ವರ್ಷದಿಂದ ಬರೀ ಮಗ್ಗ ತೋರಿಸಿದ್ದು ದಂಡ, ತೋರಿಸಬೇಕಾದ್ದು ಮಗಳನ್ನು. ಗೈಡುಗಳನ್ನೆಲ್ಲ ಕರೆಸಿ, ಇನ್ನು ಮೇಲೆ ಹೀಗೇ ಹೇಳಬೇಕು, ಈ ನೇಕಾರ ತನ್ನ ಮಗಳ ಮದುವೆಗೆ ಸೀರೆ ನೇಯುತ್ತಿದ್ದಾನೆ ಅಂತ ಹೇಳಬೇಕು, ಮಾದುವಿನಿಂದ ಕಲಿತುಕೊಳ್ಳಿ ಅಂದ. ಕೇಳಿದವರ ಕಣ್ಣು ಒದ್ದೆಯಾಗುತ್ತಿತ್ತು, ಆ ಒದ್ದೆ ಕಣ್ಣಲ್ಲೇ ಮಹಡಿ ಹತ್ತುತ್ತಿದ್ದರು. ಮಗ್ಗದ ಮೇಲಿನದೇ ಬೇಕೆಂದವರಿಗೆ ನೇಯ್ದು ಮುಗಿದ ಮೇಲೆ ಅದೂ ಸಿಗುತ್ತಿತ್ತು, ಮಾರನೆಯ ದಿನ ಮಗ್ಗಕ್ಕೆ ಇನ್ನೊಂದು ಹಾಸು. ಮದುವೆ ಯಾವಾಗ ಅಂತ ಬಂದವರು ಕೇಳುತ್ತಾರೆ. ನಾನು ಶಿವನಂಜಣ್ಣನ ಕಡೆ ತಿರುಗಿ ಕನ್ನಡದಲ್ಲಿ ಕೇಳಬೇಕು, ಅವನು ‘ಬರೋ ತಿಂಗಳು’ ಅನ್ನಬೇಕು, ನಾನು ಅದನ್ನು ಅವರ ಭಾಷೆಯಲ್ಲಿ ಹೇಳಬೇಕು. ಅವನ ಬಾಯಿಂದಲೇ ಬಂದರೆ ನಂಬಿಕೆ ಹೆಚ್ಚು ಅಂತ ಮ್ಯಾನೇಜರನ ಲೆಕ್ಕ. ಶಿವನಂಜಣ್ಣ ಒಪ್ಪಿಕೊಂಡ. ಇವನೇಕೆ ಒಪ್ಪಿಕೊಂಡ ಅಂತ ನನಗೆ ಸಿಟ್ಟು ಬರುತ್ತಿತ್ತು. ಆದರೆ ಬಿಟ್ಟರೆ ಅವನಿಗೆ ಇನ್ನೆಲ್ಲಿದೆ ಮಗ್ಗ?

ಮದುವೆಯಾಗಿ ಎರಡು ತಿಂಗಳಾಗಿರಬೇಕು. ನಾನು ಪುಣೆಯ ಕಡೆಯ ಹನ್ನೆರಡು ಜನರನ್ನು ಕರೆದುಕೊಂಡು ಅಂಗಡಿಯಲ್ಲಿದ್ದೆ. ಗಾಜಿನ ಒಳಗೆ ನಿಲ್ಲಿಸಿಕೊಂಡು ನನ್ನ ಪುರಾಣವನ್ನು ಇಂಗ್ಲಿಷಿನಲ್ಲಿ ಹೇಳಿ ಮುಗಿಸಿದೆ. ಮಗಳು, ಟ್ರಂಕು, ಗುಂಡಿ, ಧಾರೆ, ಎಲ್ಲ. ಬಾಗಿಲಿಗೆ ಬೆನ್ನು ಹಾಕಿದ್ದೆ. ಒಬ್ಬ ಯಜಮಾನರು ಮದುವೆ ಯಾವಾಗ ಎಂದು ಕೇಳಿದರು. ನಾನು ಎಂದಿನಂತೆ ಶಿವನಂಜಣ್ಣನ ಕಡೆ ತಿರುಗಿ, ಮದ್ವೆ ಯಾವಾಗಣ್ಣ ಅಂದೆ. ಅವನು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹಿಂದೆ ಎಲ್ಲೋ ನೋಡುತ್ತಿದ್ದ. ಲಾಳಿ ಕೈಯಲ್ಲೇ ನಿಂತಿತ್ತು.

“ಆಗೋಯ್ತು ಅನ್ನು. ಅವ್ಳ ಸೀರೆ ಮಾರ್ಬುಟ್ರು, ಅವ್ಳು ಉಟ್ಟಿದ್ದು ಅಂಗ್ಡಿದು ಅನ್ನು” ಅಂದ.

ಹನ್ನೆರಡು ಮುಖಗಳು ನನ್ನ ಬಾಯಿ ನೋಡುತ್ತಿದ್ದವು. ಮೆಟ್ಟಿಲ ಬಳಿ ಮ್ಯಾನೇಜರ್ ನಿಂತಿದ್ದ. ನಾನು ನಗುತ್ತ, ಬರುವ ತಿಂಗಳು ಮದುವೆ, ನಿಮ್ಮನ್ನೆಲ್ಲ ಕರೆಯುತ್ತಿದ್ದಾರೆ ಅಂತ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಚಪ್ಪಾಳೆ ತಟ್ಟಿದರು.

ಆಗ ತಿರುಗಿ ನೋಡಿದೆ. ಬಾಗಿಲಲ್ಲಿ ರಾಣಿ ನಿಂತಿದ್ದಳು, ಪಕ್ಕದಲ್ಲಿ ಗಂಡ. ಹೊಸದಾಗಿ ಮದುವೆಯಾದವರು ಮೈಸೂರು ನೋಡಲು ಬಂದಿದ್ದರು, ಬೆಟ್ಟದ ತಾಯಿಗೆ ಧಾರೆ ಸೀರೆಯಲ್ಲೇ ಕೈ ಮುಗಿಯಬೇಕೆಂದು ಅದನ್ನೇ ಉಟ್ಟಿದ್ದಳು. ಅಪ್ಪನಿಗೆ ಮೊದಲೇ ಹೇಳದೆ ಬಂದರೆ ಖುಷಿಯಾಗುತ್ತದೆ ಅಂದುಕೊಂಡಿರಬೇಕು. ಡಿಗ್ರಿ ಓದಿದ ಹುಡುಗಿ. ಅಪ್ಪ ಕನ್ನಡದಲ್ಲಿ ಹೇಳಿದ್ದೂ ಕೇಳಿತ್ತು, ನಾನು ಇಂಗ್ಲಿಷಿನಲ್ಲಿ ಹೇಳಿದ್ದೂ ಕೇಳಿತ್ತು. ಅವಳು ಸೆರಗನ್ನು ಎತ್ತಿ ಅಂಚಿನ ಪಕ್ಕ ಕಣ್ಣು ಹಾಯಿಸಿದಳು. ಕೈಮಗ್ಗದಲ್ಲಿ ಬಟ್ಟೆ ಕುಗ್ಗದಂತೆ ಅಡ್ಡಕ್ಕೊಂದು ಮೊಳೆಯ ಕೋಲು ಸಿಕ್ಕಿಸಿರುತ್ತಾರೆ, ಅದು ಅಂಚಿನುದ್ದಕ್ಕೂ ಸೂಜಿಮೊನೆಯಷ್ಟು ಸಣ್ಣ ತೂತುಗಳನ್ನು ಬಿಟ್ಟಿರುತ್ತದೆ. ನೇಕಾರರ ಮನೆಯ ಮಕ್ಕಳಿಗೆ ಅದು ಅ ಆ ಇ ಈ ಇದ್ದ ಹಾಗೆ. ಎರಡು ತಿಂಗಳು ಅವಳು ಆ ಅಂಚನ್ನು ನೋಡಿರಲಿಲ್ಲ. ಅಪ್ಪನ ಮಾತನ್ನು ಯಾರು ಪರೀಕ್ಷೆ ಮಾಡುತ್ತಾರೆ? ಈಗ ನೋಡಿದಳು, ತೂತು ಇರಲಿಲ್ಲ. ಸೆರಗು ಬಿಟ್ಟಳು.

ಶಿವರಾಜುವಿಗೆ ಏನೂ ತಿಳಿಯಲಿಲ್ಲ. ಪಾಪ, ಹುಡುಗ ಒಳಗೆ ಬಂದು ಮಾವನ ಕಾಲಿಗೆ ನಮಸ್ಕಾರ ಮಾಡಿದ. ರಾಣಿಯೂ ಮಾಡಿದಳು. ಪುಣೆಯವರಲ್ಲಿ ಒಬ್ಬರು ಇವರು ಯಾರು ಎಂದು ನನ್ನನ್ನು ಕೇಳಿದರು, ಊರಿನವರು ಎಂದೆ. ಅವಳು ಅದನ್ನೂ ಕೇಳಿಸಿಕೊಂಡಳು. ಹೊತ್ತಾಯಿತು ಅಪ್ಪ ಅಂತ ಹೇಳಿ ಅವಳು ಗಂಡನನ್ನು ಕರೆದುಕೊಂಡು ಹೊರಟುಹೋದಳು.

ಸಂಜೆ ಬಸ್ಸಿನಲ್ಲಿ ಅವನು ನನ್ನ ಪಕ್ಕದಲ್ಲೇ ಕೂತ. ನಾನು ಕ್ಷಮಿಸಣ್ಣ ಎಂದೆ. ನೀನು ಹೇಳಿದ್ದು ಸರಿಯೇ, ನಿಜ ಹೇಳಿದರೆ ಯಾರು ಕೊಳ್ಳುತ್ತಾರೆ ಅಂದ. ಅದನ್ನು ಕೋಪದಿಂದ ಹೇಳಿದ್ದರೆ ನನಗೆ ಸ್ವಲ್ಪ ನಿದ್ದೆ ಬರುತ್ತಿತ್ತು. ರಾಣಿ ಹಬ್ಬಕ್ಕೆ ಬರುತ್ತಾಳೆ, ಅಪ್ಪನ ಜೊತೆ ಚೆನ್ನಾಗಿಯೇ ಮಾತಾಡುತ್ತಾಳೆ, ಅವನ ಬಿಪಿ ಮಾತ್ರೆ ವಿಚಾರಿಸುತ್ತಾಳೆ. ಸೀರೆಯ ಮಾತು ಮಾತ್ರ ಆ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ನಾನು ಈಗಲೂ ವಾರಕ್ಕೆ ಮೂರು ನಾಲ್ಕು ಸಲ ಜನರನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ. ಮದುವೆ ಯಾವಾಗ ಅಂತ ಕೇಳಿದರೆ ಅವನ ಕಡೆ ತಿರುಗುವುದಿಲ್ಲ. ನಾನೇ ಹೇಳಿಬಿಡುತ್ತೇನೆ.